ಬಟಾಣಿ ಭಾವನ ನೇರಳೆ ಚುಕ್ಕೆ

ನನ್ನ ಅಕ್ಕನ ಗಂಡನನ್ನು ಅವನು ಕೆಲಸ ಮಾಡುವ ಸಂಸ್ಥೆಯಲ್ಲಿ ಎಲ್ಲರೂ ಬೆನ್ನ ಹಿಂದೆ ಬಟಾಣಿ ಎನ್ನುತ್ತಾರೆ. ನಾನು ಅದೇ ಸಂಸ್ಥೆಯ ಗ್ರಂಥಾಲಯ ನೋಡಿಕೊಳ್ಳುವವಳು, ಹಾಗಾಗಿ ನನಗೆ ಅವನು ಬಟಾಣಿ ಭಾವ. ಎದುರಿಗೆ ಸಿಕ್ಕಾಗ ‘ನೀವು’ ಎಂದೇ ಮಾತಾಡಿಸುತ್ತೇನೆ, ಅಕ್ಕನ ಮುಖ ನೋಡಿ ಅಷ್ಟಾದರೂ ಮಾಡಬೇಕು. ಇಲ್ಲಿ ಆ ಹಂಗಿಲ್ಲ, ಏಕವಚನವೇ ಸಾಕು.

ನಮ್ಮದು ಬೀಜಗಳ ಬಗ್ಗೆ ಸಂಶೋಧನೆ ಮಾಡುವ ಸಂಸ್ಥೆ. ಎರಡನೆಯ ಮಹಡಿಯ ಕಾರಿಡಾರಿನ ತುದಿಯಲ್ಲಿ, ನೆನೆಸಿಟ್ಟ ಕಾಳಿನ ಹುಳಿ ವಾಸನೆ ಎಲ್ಲಿ ಮೂಗಿಗೆ ಬಡಿಯುತ್ತದೋ ಅಲ್ಲಿ ಭಾವನ ಕೋಣೆ. ಒಳಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಅವನ ಕುರ್ಚಿಯ ಹಿಂದೆ ತೂಗುಹಾಕಿದ ಗಾಜಿನ ಚೌಕಟ್ಟು. ಅದರೊಳಗೆ ದಪ್ಪ ಸೋಸುಕಾಗದದ ಒಂದು ಪಟ್ಟಿ, ಪಟ್ಟಿಯ ನಡುವೆ ಒಂದು ನೇರಳೆ ಚುಕ್ಕೆ. ಆ ಚುಕ್ಕೆಯೇ ಅವನ ಬದುಕು. ಅವನು ಸಂಬಳ ತಿಂದದ್ದು, ಮೀಸೆ ತಿರುವಿದ್ದು, ಕಿರಿಯರ ಮೇಲೆ ಹಾರಾಡಿದ್ದು ಎಲ್ಲವೂ ಅದರ ಹೆಸರಿನಲ್ಲಿ.

ಯಾರಾದರೂ ಬಂದರೆ ಸಾಕು, ಕುರ್ಚಿಯಿಂದ ಎದ್ದು ಬುರುಡೆ ಶುರು ಮಾಡುತ್ತಾನೆ.

“ಬೀಜ ಅಂದ್ರೆ ಏನಂದ್ಕೊಂಡಿದ್ದೀರಿ? ಕಾರ್ಖಾನೆ! ಒಳಗೆ ಕಿಣ್ವ ಅನ್ನೋ ಕೆಲಸಗಾರ ಇದ್ದಾನೆ. ಈ ಕಡೆಯಿಂದ ಒಂದು ಆಮ್ಲ ತಗೋತಾನೆ, ಆ ಕಡೆಯಿಂದ ಅಮೋನಿಯಾ ತಗೋತಾನೆ, ಎರಡನ್ನೂ ಸೇರಿಸಿ ಅಮೈನೋ ಆಮ್ಲ ಮಾಡ್ತಾನೆ. ಅಮೈನೋ ಆಮ್ಲ ಇಲ್ಲದೆ ಪ್ರೋಟೀನ್ ಇಲ್ಲ, ಪ್ರೋಟೀನ್ ಇಲ್ಲದೆ ನೀವೂ ಇಲ್ಲ, ನಾನೂ ಇಲ್ಲ. ಆ ಕೆಲಸಗಾರನನ್ನ ಒಣ ಬಟಾಣಿಯೊಳಗೆ ಹಿಡಿದವನು ನಾನು. ಈ ಚುಕ್ಕೆ ಇದೆಯಲ್ಲ, ಅವನು ಮಾಡಿದ ಮಾಲು!”

ಹೇಳುತ್ತ ಹೇಳುತ್ತ ಬಲಗೈ ಹೆಬ್ಬೆರಳನ್ನು ಮುಂದೆ ಚಾಚುತ್ತಾನೆ. ಬೆರಳಿನ ತುದಿಯಲ್ಲಿ ಅಡ್ಡಕ್ಕೆ ಹಳೆಯ ಗಾಯದ ಗೆರೆ. “ವಿಜ್ಞಾನಕ್ಕೆ ರಕ್ತ ಕೊಟ್ಟವನು ನಾನು. ಓದೋ ಕಾಲದಲ್ಲಿ ಗಾಜಿನ ನಳಿಗೆ ಒಡೆದು ಸೀಳಿಹೋಯ್ತು” ಎನ್ನುತ್ತಾನೆ. ಹಾಲಿನ ಪುಡಿಯ ಡಬ್ಬದ ಮುಚ್ಚಳ ಕೀಳಲು ಹೋಗಿ ಕೊಯ್ದುಕೊಂಡದ್ದು ಎಂಬುದು ಅವನ ಜೊತೆ ಓದಿದವರಿಗೆಲ್ಲ ಗೊತ್ತು.

ಅಷ್ಟಕ್ಕೆ ನಿಲ್ಲಿಸುವ ಆಸಾಮಿಯಲ್ಲ. ಪಟ್ಟಿಯ ಕೆಳಮೂಲೆಯಲ್ಲಿ ಇನ್ನೊಂದು ಗುರುತಿದೆ, ಮಸುಕಾದ ಹೆಬ್ಬೆಟ್ಟಿನದು. ಬೆವರಿನಲ್ಲೂ ಅಮೈನೋ ಆಮ್ಲ ಇರುತ್ತದಂತೆ. ಬರಿಗೈಯಲ್ಲಿ ಮುಟ್ಟಿದ ಕಾಗದಕ್ಕೆ ಅಮೈನೋ ಆಮ್ಲ ಇದ್ದಲ್ಲೆಲ್ಲ ನೇರಳೆ ಬಣ್ಣ ಏಳಿಸುವ ದ್ರಾವಣ ಚಿಮುಕಿಸಿ ಕಾಯಿಸಿದರೆ ಬೆರಳ ಗುರುತೂ ನೇರಳೆಯಾಗಿ ಏಳುತ್ತದೆ. ಭಾವ ಅದನ್ನು ತೋರಿಸಿ ಹಲ್ಲು ಕಿರಿಯುತ್ತಾನೆ. “ಇದು ನಮ್ಮನೆಯವಳ ಕೈಚಳಕ. ಬೆವರುಗೈ ಅವಳದ್ದು. ಮುಟ್ಟಿದ್ದೆಲ್ಲ ಹಾಳು. ಅದಕ್ಕೇ ಲ್ಯಾಬಿಂದ ಬಿಡಿಸಿ ಅಡುಗೆಮನೆಗೆ ಹಾಕ್ದೆ!” ಬಂದವರು ಮರ್ಯಾದೆಗೆ ನಗುತ್ತಾರೆ. ಅಕ್ಕ ಅಲ್ಲೇ ಚಹಾ ಲೋಟ ಹಿಡಿದು ನಿಂತಿದ್ದಾಗಲೂ ಈ ಮಾತನ್ನು ಅವನು ಆಡಿದ್ದಾನೆ, ಅವಳೂ ನಕ್ಕಿದ್ದಾಳೆ. ಆ ನಗು ನೋಡಿದಾಗೆಲ್ಲ ನನಗೆ ಮೈ ಉರಿಯುತ್ತದೆ.

ಅಕ್ಕ ಅವನ ಜೊತೆಗೇ ಅದೇ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕಿಟಕಿಯ ಪಕ್ಕದ ಮೇಜಿನ ಮೇಲೆ ತಟ್ಟೆಗಳಲ್ಲಿ ಬಟಾಣಿ ಗಿಡ ಬೆಳೆಸಿದ್ದಳು. ಬೀಜ ಅಮೈನೋ ಆಮ್ಲ ಮಾಡುವುದನ್ನು ನೋಡಬೇಕಾದರೆ ಕಾಯಿ ಹಸಿರಾಗಿರುವಾಗ, ಕಾಳು ಇನ್ನೂ ತುಂಬಿಕೊಳ್ಳುತ್ತಿರುವಾಗ ನೋಡಬೇಕು ಎನ್ನುವುದು ಅವಳ ವಾದ. ಭಾವನಿಗೆ ಅಷ್ಟು ಕಾಯುವ ಜಾಯಮಾನ ಎಲ್ಲಿಂದ ಬರಬೇಕು? ಗಿಡ ಬೆಳೆಯಬೇಕು, ಹೂ ಬಿಡಬೇಕು, ಕಾಯಿ ಕಚ್ಚಬೇಕು. ಅವನು ಕಿರಾಣಿ ಅಂಗಡಿಗೆ ಹೋಗಿ ಒಂದು ಚೀಲ ಒಣ ಬಟಾಣಿ ತಂದ. ನೆನೆಸಿದ, ಐಸಿನ ಮೇಲಿಟ್ಟು ಅರೆದ, ರಸ ಸೋಸಿದ, ಅದಕ್ಕೆ ತನ್ನ ಆಮ್ಲ ಮತ್ತು ಅಮೋನಿಯಾ ಬೆರೆಸಿ ಬೆಚ್ಚಗೆ ಇಟ್ಟ. ಆಮೇಲೆ ಒಂದು ಹನಿಯನ್ನು ಕಾಗದದ ಪಟ್ಟಿಗೆ ಹಾಕಿ, ಹನಿಯಲ್ಲಿದ್ದದ್ದು ಬೇರೆ ಬೇರೆ ಎತ್ತರಕ್ಕೆ ಏರಿ ಬೇರೆಯಾಗಲೆಂದು ಪಟ್ಟಿಯ ತುದಿ ದ್ರಾವಕದಲ್ಲಿ ಮುಳುಗುವಂತೆ ಅಕ್ಕನ ಕೈಲಿ ನೇತುಹಾಕಿಸಿ, ಬಣ್ಣ ಏಳಿಸಿದ. ನಡುವೆ ಒಂದು ಚುಕ್ಕೆ ಬಂತು. ಅದೇ ರಸವನ್ನು ಮೊದಲೇ ಕುದಿಸಿ ನೋಡಿದ, ಚುಕ್ಕೆ ಬರಲಿಲ್ಲ. ಕುದಿಸಿದರೆ ಕಿಣ್ವ ಸಾಯುತ್ತದೆ, ಆದ್ದರಿಂದ ಚುಕ್ಕೆ ಕಿಣ್ವದ್ದೇ ಎಂದು ಕುಣಿದಾಡಿಬಿಟ್ಟ.

ಒಂದೇ ತೊಡಕು. ಆ ಚುಕ್ಕೆಯ ಮೇಲೆ ಕೆಳಗೆ ಬೇರೆ ಚುಕ್ಕೆಗಳೂ ಎದ್ದಿದ್ದವು. ಅವನ ಲೆಕ್ಕದ ಪ್ರಕಾರ ಬರಬೇಕಾದದ್ದು ಒಂದೇ. ಉಳಿದವು ಎಲ್ಲಿಂದ ಬಂದವು ಎಂದು ಅಕ್ಕ ಕೇಳಿದಳು.

“ಎಲ್ಲಿಂದ ಅಂದ್ರೆ? ನಿನ್ನ ಕೈಯಿಂದ” ಎಂದನಂತೆ ಭಾವ. “ಪಟ್ಟಿ ನೇತುಹಾಕಿದ್ದು ನೀನು ತಾನೇ? ಬೆವರುಗೈಲಿ ಮುಟ್ಟಿದ್ದೀಯ.”

ಕತ್ತರಿ ತೆಗೆದುಕೊಂಡು ಮೇಲಿನದನ್ನೂ ಕೆಳಗಿನದನ್ನೂ ಕತ್ತರಿಸಿ ಬಿಸಾಡಿದ. ಒಂದು ಚುಕ್ಕೆ ಉಳಿಯಿತು. ಅದರ ಮೇಲೊಂದು ಲೇಖನ ಬರೆದ, ಸಂಸ್ಥೆಯದೇ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದ, ಕೆಲಸ ಗಿಟ್ಟಿಸಿದ. ಅಕ್ಕನ ಕೈ ಲ್ಯಾಬಿಗೆ ಲಾಯಕ್ಕಲ್ಲ ಎಂದು ಅಂದಿನ ಹಿರಿಯರ ಕಿವಿಗೂ ಹಾಕಿದ. ಅವಳ ತಟ್ಟೆಗಳನ್ನು ಎತ್ತಿ ಹೊರಗಿಟ್ಟು ಆ ಮೇಜನ್ನು ತನಗೆ ಮಾಡಿಕೊಂಡ. ಇಷ್ಟೆಲ್ಲ ಮುಗಿದ ಮೇಲೆ, ದೊಡ್ಡ ಮನಸ್ಸು ಮಾಡಿದವನ ಹಾಗೆ, ಅವಳನ್ನು ಮದುವೆಯಾದ. ಅವಳು ಒಪ್ಪಿದಳಲ್ಲ, ಅದು ಇವತ್ತಿಗೂ ನನಗೆ ಅರ್ಥವಾಗಿಲ್ಲ. ತನ್ನ ತಪ್ಪನ್ನು ಸಹಿಸಿಕೊಂಡ ಮನುಷ್ಯ ಎಂದು ಅವಳು ನಂಬಿದ್ದಳು.

ಕೆಟ್ಟದ್ದೆಂದರೆ ಅವಳು ಪೂರ್ತಿ ನಂಬಿದಳು. ಮದುವೆಯಾದ ಮೇಲೆ ಅಕ್ಕನ ಕೈಯಲ್ಲಿ ಯಾವಾಗಲೂ ಒಂದು ಒರೆಸುಬಟ್ಟೆ. ಪುಸ್ತಕ ತೆಗೆಯುವ ಮುಂಚೆ ಒರೆಸುತ್ತಾಳೆ, ಯಾರಿಗಾದರೂ ಲೋಟ ಕೊಡುವ ಮುಂಚೆ ಒರೆಸುತ್ತಾಳೆ. ನಮ್ಮಮ್ಮನ ಒಂದೇ ಒಂದು ಫೋಟೋ ನನ್ನ ಮನೆಯಲ್ಲಿದೆ. ಅದನ್ನು ನೋಡಬೇಕೆನಿಸಿದರೆ, “ನೀನೇ ಹಿಡ್ಕೊಳೇ, ನನ್ನ ಕೈ ಸರಿಯಿಲ್ಲ” ಎನ್ನುತ್ತಾಳೆ. ನನಗೆ ಮಗಳು ಹುಟ್ಟಿದಾಗ ಎತ್ತಿಕೊಳ್ಳಲು ಬಂದವಳು ಕೈ ತೊಳೆದಳು, ಒರೆಸಿದಳು, ಮತ್ತೆ ಹೋಗಿ ತೊಳೆದು ಬಂದಳು. ತೊಳೆದೂ ತೊಳೆದೂ ಅವಳ ಅಂಗೈ ಒಣಗಿ ಬಿರಿದುಹೋಗಿದೆ. ಬೆವರು ಅಲ್ಲಿ ಹುಡುಕಿದರೂ ಸಿಗುವುದಿಲ್ಲ.

ಭಾವ ಅಲ್ಲಿಂದಾಚೆ ಏನು ಮಾಡಿದ ಎಂದು ಕೇಳಬೇಡಿ. ಏನೂ ಮಾಡಲಿಲ್ಲ. ಬೆಳಗ್ಗೆ ಬಂದು ಕೋಟು ತೂಗುಹಾಕಿ, ಅಕ್ಕ ಕಟ್ಟಿಕೊಟ್ಟ ಊಟ ಮಾಡಿ, ಆ ಚೌಕಟ್ಟಿನ ಕೆಳಗೆ ತೂಕಡಿಸುತ್ತಾನೆ. ‘ನನ್ನ ಕಿಣ್ವ’ ಎಂದೇ ಅನ್ನುತ್ತಾನೆ, ಅದು ಅವನ ಹೊಟ್ಟೆಯಲ್ಲೇ ಹುಟ್ಟಿದ ಹಾಗೆ. ಆ ಲೇಖನ ಇರುವ ಸಂಪುಟ ನನ್ನ ಸುಪರ್ದಿಯಲ್ಲೇ ಇದೆ. ಅದರ ಹಾಳೆಗಳ ಅಂಚು ಅಂಟಿಕೊಂಡೇ ಇದ್ದವು, ಯಾರೂ ಬಿಡಿಸಿರಲಿಲ್ಲ. ಯಾರೂ ಓದಲಿಲ್ಲ, ಆದ್ದರಿಂದ ಯಾರೂ ಅಲ್ಲ ಎನ್ನಲಿಲ್ಲ. ಅಷ್ಟರ ಮೇಲೆ ಒಬ್ಬ ಮನುಷ್ಯ ಇಡೀ ಜೀವನ ಕಳೆದ.

ಆ ಹಾಳೆಗಳನ್ನು ಬಿಡಿಸಿದವಳು ಉದ್ದಜಡೆ. ಸೊಂಟದ ಕೆಳಗೆ ಇಳಿಯುವ ಜಡೆಯನ್ನು ಲ್ಯಾಬಿನಲ್ಲಿ ಸುತ್ತಿ ಕೋಟಿನೊಳಗೆ ಸಿಕ್ಕಿಸಿಕೊಳ್ಳುತ್ತಿದ್ದಳು, ಅದಕ್ಕೆ ಆ ಹೆಸರು. ಡಾಕ್ಟರೇಟಿಗೆ ಬಂದವಳಿಗೆ ಅವಳ ಗ್ರಹಚಾರಕ್ಕೆ ನಮ್ಮ ಭಾವನೇ ಮಾರ್ಗದರ್ಶಕ. ಮೊದಲು ತನ್ನ ಹಳೆಯ ಪ್ರಯೋಗವನ್ನೇ ಮತ್ತೆ ಮಾಡಿ ತೋರಿಸಲು ಹೇಳಿದ. ಅವಳು ಮಾಡಿದಳು. ಪಟ್ಟಿಯ ಮೇಲೆ ಒಂದಲ್ಲ, ಸಾಲು ಚುಕ್ಕೆ.

“ಕೈ” ಎಂದ ಭಾವ. “ಗ್ಲೌಸ್ ಹಾಕ್ಕೋ.”

ಗ್ಲೌಸು ಹಾಕಿಕೊಂಡು ಮಾಡಿದಳು. ಮತ್ತೆ ಅದೇ ಸಾಲು. ಗ್ಲೌಸಿನ ಹೊರಗೂ ಬೆವರು ಹತ್ತಿರಬೇಕು ಎಂದ. ಚಿಮುಟದಲ್ಲಿ ಹಿಡಿದು ಮಾಡಿದಳು. ಮತ್ತೆ ಅದೇ. ಚಿಮುಟ ತೊಳೆದಿಲ್ಲ ಎಂದ. ನಾಚಿಕೆ ಇದ್ದವನಾಗಿದ್ದರೆ ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು.

ಉದ್ದಜಡೆ ಸುಮ್ಮನೆ ಕೂರುವವಳಲ್ಲ. ಭಾವ ಎಂದೂ ಮಾಡದ ಒಂದು ಕೆಲಸ ಮಾಡಿದಳು. ನೆನೆಸಿ ಅರೆದ ಬಟಾಣಿ ರಸಕ್ಕೆ ಆಮ್ಲವನ್ನೂ ಹಾಕದೆ, ಅಮೋನಿಯಾವನ್ನೂ ಹಾಕದೆ, ಬರೀ ರಸವನ್ನೇ ಬೆಚ್ಚಗೆ ಇಟ್ಟು ನೋಡಿದಳು. ಚುಕ್ಕೆ ಬಂತು! ಅದೇ ಜಾಗ, ಅದೇ ಕಡುಬಣ್ಣ. ಜೊತೆಗೆ ಉಳಿದ ಚುಕ್ಕೆಗಳೂ.

ಆ ಮಧ್ಯಾಹ್ನ ಅವಳು ಗ್ರಂಥಾಲಯಕ್ಕೆ ಬಂದು ಹಳೆಯ ಸಂಪುಟ ಕೇಳಿದಳು. ಓದಿ ಮುಗಿಸಿ ನನ್ನ ಮೇಜಿನ ಮುಂದೆ ಬಂದು ನಿಂತಾಗ ಅವಳ ಕಣ್ಣು ಕೆಂಪಾಗಿತ್ತು.

“ಮೇಡಂ, ಸಾಮಾನೇ ಕೊಡದೆ ಮಾಲು ಹೇಗೆ ಬರುತ್ತೆ ಹೇಳಿ” ಎಂದಳು. “ಒಣಕಾಳಲ್ಲಿ ಪ್ರೋಟೀನ್ ಕೂಡಿಟ್ಟಿರುತ್ತೆ. ನೆನೆದ ಮೇಲೆ ಬೇರೆ ಕಿಣ್ವಗಳು ಎದ್ದು ಅದನ್ನ ಒಡೆಯೋಕೆ ಶುರು ಮಾಡ್ತವೆ. ಒಡೆದಾಗ ಒಳಗಿದ್ದ ಅಮೈನೋ ಆಮ್ಲಗಳು ಉದುರ್ತವೆ. ಒಂದಲ್ಲ, ಎಲ್ಲಾ ಥರದ್ದೂ. ಸರ್ ನೋಡಿದ್ದು ಅದನ್ನ. ಮಾಡಿದ್ದಲ್ಲ ಮೇಡಂ, ಕಣಜದಿಂದ ತೆಗೆದದ್ದು.”

“ಮತ್ತೆ ಕುದಿಸಿದಾಗ ಬರಲಿಲ್ಲವಲ್ಲ?” ಎಂದೆ. ಭಾವನ ಭಾಷಣ ಕೇಳಿ ಕೇಳಿ ಅಷ್ಟು ನನಗೂ ಬಾಯಿಪಾಠ.

“ಕುದಿಸಿದ್ರೆ ಮಾಡೋ ಕಿಣ್ವವೂ ಸಾಯುತ್ತೆ, ಒಡೆಯೋ ಕಿಣ್ವವೂ ಸಾಯುತ್ತೆ. ಅದರಿಂದ ಏನು ಗೊತ್ತಾಗುತ್ತೆ?”

ನನಗೆ ನಗು ತಡೆಯಲಾಗಲಿಲ್ಲ. ಅವನ ಇಡೀ ಬಾಳನ್ನು ಈ ಹುಡುಗಿ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಯಾರೋ ಕೂಡಿಟ್ಟದ್ದನ್ನು ಹೊರಗೆ ತೆಗೆದು ನಾನು ಮಾಡಿದೆ ಎಂದವನು. ಆದರೆ ಅವಳು ನಗುವ ಸ್ಥಿತಿಯಲ್ಲಿರಲಿಲ್ಲ.

“ಇದನ್ನ ಹೇಳಿದ್ದಕ್ಕೆ ಸರ್ ಏನು ಬರೆದಿದ್ದಾರೆ ಗೊತ್ತಾ? ಇವಳ ಕೈ ಲ್ಯಾಬಿಗೆ ಲಾಯಕ್ಕಲ್ಲ, ಇವಳನ್ನ ಬಿಡಿಸಿ ಅಂತ. ನಾಳೆ ನಿರ್ದೇಶಕರೂ ಹೊರಗಿನ ಪರೀಕ್ಷಕರೂ ಕೂತು ತೀರ್ಮಾನ ಮಾಡ್ತಾರೆ. ಸರ್ ಮಾತು ನಡೆದರೆ ನಾನು ಗಂಟುಮೂಟೆ ಕಟ್ಟಬೇಕು.”

ಅದೇ ಮಾತು. ಅಕ್ಷರ ಕೂಡ ಬದಲಾಗಿರಲಿಲ್ಲ. ಹೊಸ ಸುಳ್ಳು ಹುಟ್ಟಿಸುವ ಶಕ್ತಿಯೂ ಆ ಮನುಷ್ಯನಿಗೆ ಇರಲಿಲ್ಲ.

ಸಂಜೆ ಅಕ್ಕನ ಮನೆಗೆ ಹೋದೆ. ಭಾವ ಇನ್ನೂ ಬಂದಿರಲಿಲ್ಲ. ಅವಳು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ನಾನು ನಡೆದದ್ದೆಲ್ಲ ಹೇಳಿದೆ. ಚಿಮುಟದಲ್ಲಿ ಹಿಡಿದರೂ ಚುಕ್ಕೆಗಳು ಬಂದವು ಎಂದಾಗ ಅವಳ ಕೈ ನಿಂತಿತು.

“ಚಿಮುಟದಲ್ಲಿ ಹಿಡಿದ್ರೂನಾ?”

“ಹೂಂ ಅಕ್ಕ. ಕೈ ಸೋಕಲೇ ಇಲ್ಲವಂತೆ.”

“ಎಷ್ಟು ಚುಕ್ಕೆ ಅಂದ್ಲು?”

“ಸಾಲಾಗಿ ಇದ್ದವಂತೆ.”

ಅವಳು ಒರೆಸಿದ್ದ ಪಾತ್ರೆಯನ್ನೇ ಮತ್ತೆ ಒರೆಸಿ ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, ಅದೂ ತನ್ನ ಬಗ್ಗೆಯಲ್ಲ. “ಆ ಹುಡುಗಿ ಹಸಿಕಾಯಿಯಲ್ಲಿ ಮಾಡಿ ನೋಡಿದಾಳಾ?”

“ನನಗೇನು ಗೊತ್ತು? ನೀನೇ ಬಂದು ಕೇಳು.”

ಬಾಗಿಲ ತನಕ ಬಂದು ನನ್ನನ್ನು ಕಳಿಸುವಾಗ ಬಟ್ಟೆ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

ಮರುದಿನ ಸಭೆ ನಡೆದದ್ದು ಭಾವನ ಕೋಣೆಯಲ್ಲೇ, ಆ ಚೌಕಟ್ಟಿನ ಕೆಳಗೆ. ಹಾಗೆ ಆಗಬೇಕೆಂದು ಅವನೇ ಕೇಳಿಕೊಂಡಿದ್ದ. ಇಸ್ತ್ರಿ ಮಾಡಿದ ಕೋಟು, ಎಣ್ಣೆ ಹಚ್ಚಿ ಬಾಚಿದ ತಲೆ. ನಿರ್ದೇಶಕರು ಎಲ್ಲದಕ್ಕೂ ಹೂಂಗುಟ್ಟುವ ಸಾಧು ಪ್ರಾಣಿ. ಹೊರಗಿನಿಂದ ಬಂದ ಪರೀಕ್ಷಕಿ ಮಾತ್ರ ಕನ್ನಡಕದ ಮೇಲಿಂದ ನೋಡುವ ಹೆಂಗಸು. ಹಳೆಯ ಸಂಪುಟ ತಂದುಕೊಡಬೇಕೆಂದು ನನ್ನನ್ನೂ ಕರೆದಿದ್ದರು. ಕೊಟ್ಟ ಮೇಲೆ ನಾನು ಅಲ್ಲೇ ನಿಂತೆ, ಯಾರೂ ಹೋಗು ಎನ್ನಲಿಲ್ಲ.

ಉದ್ದಜಡೆ ಪಟ್ಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಸಾಮಾನು ಹಾಕಿದ್ದು, ಹಾಕದೆ ಇದ್ದದ್ದು, ಕುದಿಸಿದ್ದು. ಮೊದಲೆರಡೂ ಅವಳಿ ಮಕ್ಕಳ ಹಾಗೆ ಒಂದೇ ಥರ ಇದ್ದವು.

ಭಾವ ಬಗ್ಗಿಯೂ ನೋಡಲಿಲ್ಲ. “ಇವೆಲ್ಲ ಬೆರಳ ಗುರುತು. ಕೆಲವರ ಕೈಯೇ ಹಾಗೆ, ಏನು ಮಾಡಿದ್ರೂ ಸರಿಹೋಗಲ್ಲ. ನನಗೆ ಅನುಭವ ಇದೆ, ಮನೇಲೇ ಇದೆ ಅನುಭವ!” ಎಂದು ನಕ್ಕ. ನಿರ್ದೇಶಕರೂ ನಕ್ಕರು.

ಬಾಗಿಲು ತೆರೆಯಿತು. ಅಕ್ಕ ನಿಂತಿದ್ದಳು. ಕೈಯಲ್ಲಿ ಭಾವ ಮರೆತು ಬಂದಿದ್ದ ಊಟದ ಡಬ್ಬಿ.

“ಅಲ್ಲಿಟ್ಟು ಹೋಗು” ಎಂದ ಭಾವ, ತಿರುಗಿಯೂ ನೋಡದೆ.

ಅವಳು ಡಬ್ಬಿ ಇಟ್ಟಳು, ಹೋಗಲಿಲ್ಲ. “ಒಂದು ಬಿಳಿ ಪಟ್ಟಿ ಇದೆಯಾ ಮರಿ?” ಎಂದು ಉದ್ದಜಡೆಯನ್ನು ಕೇಳಿದಳು.

“ಏನು ಮಾಡ್ತೀಯ ನೀನು?” ಎಂದ ಭಾವ.

“ನನ್ನ ಕೈ ಹೇಗೆ ಮೂಡುತ್ತೆ ಅಂತ ನೋಡ್ಬೇಕು ಕಣ್ರೀ. ಒಂದ್ಸಲಾನೂ ನೋಡಿಲ್ಲ.”

ಪರೀಕ್ಷಕಿ ಕನ್ನಡಕ ಸರಿಮಾಡಿಕೊಂಡು, “ಕೊಡಮ್ಮ ಅವರಿಗೆ” ಎಂದರು. ಅಕ್ಕ ಒರೆಸುಬಟ್ಟೆಯನ್ನು ಡಬ್ಬಿಯ ಮೇಲಿಟ್ಟು, ಐದೂ ಬೆರಳನ್ನು ಕಾಗದದ ಮೇಲೆ ಒತ್ತಿದಳು. ಉದ್ದಜಡೆ ದ್ರಾವಣ ಚಿಮುಕಿಸುವಾಗ ಕಾಗದದ ಅಂಚನ್ನು ಅಕ್ಕ ತಾನೇ ಬರಿಗೈಯಲ್ಲಿ ಹಿಡಿದುಕೊಂಡಳು. “ಗ್ಲೌಸ್ ಹಾಕ್ಕೊಳ್ಳಿ ಆಂಟಿ, ಕೈಗೆ ಬಣ್ಣ ಹತ್ತುತ್ತೆ” ಎಂದರೂ ಕೇಳಲಿಲ್ಲ. ಕಾಗದ ಪಕ್ಕದ ಲ್ಯಾಬಿನ ಓವನ್ನಿಗೆ ಹೋಯಿತು. ನಾವು ಕಾದೆವು. ಭಾವ ಬೆರಳಿನಿಂದ ಮೇಜು ಕುಟ್ಟುತ್ತಿದ್ದ. ಆಗಲೂ ಅವನಿಗೆ ಏನೂ ಹೊಳೆದಿರಲಿಲ್ಲ ಎಂದರೆ ಅವನ ತಲೆಯ ಅಂದಾಜು ನಿಮಗೆ ಸಿಗುತ್ತದೆ.

ಕಾಗದ ಬಂತು. ಐದು ಬೆರಳು, ತೀರ ತೆಳುವಾಗಿ. ಒಂದೊಂದರಲ್ಲೂ ಸಣ್ಣ ಸಣ್ಣ ಗೆರೆ, ನಡುನಡುವೆ ಬಿರುಕು. ಪಕ್ಕದಲ್ಲಿ ಉದ್ದಜಡೆಯ ಪಟ್ಟಿಯ ಚುಕ್ಕೆಗಳು, ಕಡುನೇರಳೆ, ಗುಂಡಗೆ, ನುಣ್ಣಗೆ.

“ಬೆರಳಿಗೆ ಗೆರೆ ಇದೆ, ಚುಕ್ಕೆಗೆ ಗೆರೆ ಇಲ್ಲ” ಎಂದರು ಪರೀಕ್ಷಕಿ. “ಇದನ್ನ ನೋಡೋಕೆ ಡಾಕ್ಟರೇಟೂ ಬೇಡ. ಇಷ್ಟು ವರ್ಷ ಏನು ನೋಡ್ತಿದ್ರಿ ಸ್ವಾಮಿ?”

“ಅಲ್ಲ, ಕೆಲವು ಸಲ ಬೆವರು ಹರಡಿಕೊಂಡು…” ಎಂದು ಭಾವ ತೊದಲಿದ. ಅಕ್ಕ ಅವನ ಕಡೆ ನೋಡುತ್ತಿರಲಿಲ್ಲ. ಅವಳ ಕಣ್ಣು ಗೋಡೆಯ ಮೇಲಿತ್ತು.

“ಅದನ್ನ ಸ್ವಲ್ಪ ಇಳಿಸ್ತೀಯಾ?” ಎಂದು ನನ್ನನ್ನು ಕೇಳಿದಳು.

ನಾನು ಚೌಕಟ್ಟನ್ನು ಇಳಿಸಿ ಮೇಜಿನ ಮೇಲಿಟ್ಟೆ. ಇಷ್ಟು ವರ್ಷ ಚಹಾ ಲೋಟ ಹಿಡಿದು ದೂರದಿಂದ ನೋಡಿ ನಕ್ಕಿದ್ದ ಗುರುತನ್ನು ಅವಳು ಮೊದಲ ಸಲ ಹತ್ತಿರದಿಂದ ನೋಡಿದಳು. ಗಾಜಿನ ಮೇಲೆ, ಆ ಗುರುತಿನ ಪಕ್ಕಕ್ಕೇ, ತನ್ನ ಹೆಬ್ಬೆರಳನ್ನು ಇಟ್ಟಳು. ಗುರುತು ಅವಳ ಬೆರಳಿಗಿಂತ ಒಂದೂವರೆ ಪಟ್ಟು ಅಗಲ. ಅದರ ತುದಿಯಲ್ಲಿ ಅಡ್ಡಕ್ಕೆ, ಬಣ್ಣ ಹಿಡಿಯದ ಒಂದು ಬಿಳಿ ಗೆರೆ.

ಕೋಣೆಯಲ್ಲಿದ್ದ ಎಲ್ಲರೂ ಭಾವನ ಬಲಗೈ ನೋಡಿದರು. ಬಂದವರಿಗೆಲ್ಲ ಚಾಚಿ ತೋರಿಸುತ್ತಿದ್ದ ಆ ಹೆಬ್ಬೆರಳನ್ನು ಅವನು ಕೋಟಿನ ಜೇಬಿಗೆ ತುರುಕಿಕೊಂಡ.

“ನನ್ನದಲ್ಲ ಇದು” ಎಂದಳು ಅಕ್ಕ. ಕೂಗಲಿಲ್ಲ, ಅಳಲಿಲ್ಲ. “ನಿಮ್ಮದು ಕಣ್ರೀ.”

“ಯಾರದ್ದಾದ್ರೇನು ಈಗ, ಹಳೇ ಕಥೆ” ಎಂದ ಅವನು. ಹೌದು, ಅಷ್ಟೇ ಅಂದ. ಅವಳ ಬದುಕಿಗೆ ಅವನ ಬಾಯಿಂದ ಬಂದದ್ದು ಅಷ್ಟೇ.

ಉದ್ದಜಡೆಯನ್ನು ಬಿಡಿಸುವ ಮಾತು ಅಲ್ಲಿಗೇ ಬಿದ್ದುಹೋಯಿತು. ಅವಳಿಗೆ ಬೇರೆ ಮಾರ್ಗದರ್ಶಕರನ್ನು ಕೊಡಬೇಕೆಂದು ಪರೀಕ್ಷಕಿ ಹೇಳಿದರು, ನಿರ್ದೇಶಕರು ಅದಕ್ಕೂ ಹೂಂಗುಟ್ಟಿದರು. ಕಾರಿಡಾರಿನಲ್ಲಿ ಅಕ್ಕ ಆ ಹುಡುಗಿಯ ಜೊತೆ ಹಸಿಕಾಯಿಯ ಬಗ್ಗೆ ಮಾತಾಡುತ್ತ ನಿಂತುಬಿಟ್ಟಳು. ಕಾಳು ತುಂಬಿಕೊಳ್ಳುವಾಗ ತಾಯಿಗಿಡದಿಂದ ಏನು ಬರುತ್ತದೆ, ಅದರಿಂದ ಬೀಜದೊಳಗಿನ ಕಿಣ್ವಗಳು ಏನೇನು ಮಾಡಿಕೊಳ್ಳುತ್ತವೆ, ಯಾವ ದಿನ ಕೀಳಬೇಕು, ಕಿತ್ತ ಕೂಡಲೇ ಐಸಿಗೆ ಹಾಕಬೇಕೋ ಬೇಡವೋ. ಇವೆಲ್ಲ ಅವಳ ತಲೆಯಲ್ಲಿ ಇಷ್ಟು ವರ್ಷ ಎಲ್ಲಿ ಕೂತಿದ್ದವೋ ನನಗೆ ತಿಳಿಯದು. ಒರೆಸುಬಟ್ಟೆ ಭಾವನ ಕೋಣೆಯಲ್ಲೇ ಉಳಿಯಿತು, ಅವಳು ವಾಪಸ್ ಹೋಗಿ ತರಲಿಲ್ಲ.

ಭಾವ ಬದಲಾದ ಎಂದು ಯಾರಾದರೂ ಆಸೆ ಇಟ್ಟುಕೊಂಡಿದ್ದರೆ ಬಿಟ್ಟುಬಿಡಿ. ಮೊನ್ನೆ ಏನೋ ಕೆಲಸಕ್ಕೆ ಅವನ ಕೋಣೆಗೆ ಹೋಗಿದ್ದೆ. ಚೌಕಟ್ಟು ಮತ್ತೆ ಗೋಡೆಯ ಮೇಲಿತ್ತು. ಒಳಗಿನ ಪಟ್ಟಿ ಚಿಕ್ಕದಾಗಿತ್ತು. ಹೆಬ್ಬೆಟ್ಟಿನ ಮೂಲೆಯನ್ನು ಕತ್ತರಿಸಿ ತೆಗೆದಿದ್ದ. ಕತ್ತರಿ ಇನ್ನೂ ಮೇಜಿನ ಮೇಲೇ ಇತ್ತು.

ಸಭೆಯಾದ ಮರುದಿನ ಬೆಳಗ್ಗೆ ಅಕ್ಕ ನನ್ನ ಮನೆಗೆ ಬಂದಿದ್ದಳು. ಬಲಗೈಯ ಬೆರಳುಗಳೆಲ್ಲ ನೇರಳೆಯಾಗಿದ್ದವು. ದ್ರಾವಣ ತಾಗಿದರೆ ಹಾಗೆಯೇ, ಎಷ್ಟು ಉಜ್ಜಿದರೂ ಕೆಲವು ದಿನ ಹೋಗುವುದಿಲ್ಲ.

“ಉಜ್ಜಿದ್ಯಾ?” ಎಂದೆ.

“ಇಲ್ಲ” ಎಂದಳು.

ನಾನು ಚಹಾ ಮಾಡಲು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಕಪಾಟು ತೆರೆದು ಅಮ್ಮನ ಫೋಟೋ ತೆಗೆದಿದ್ದಳು. ಬರಿಗೈಯಲ್ಲಿ ಹಿಡಿದುಕೊಂಡು, ನೇರಳೆ ಹೆಬ್ಬೆರಳಿನಿಂದ ಅಮ್ಮನ ಮುಖದ ಮೇಲಿನ ಧೂಳು ಒರೆಸುತ್ತಿದ್ದಳು.